ಹಿಂದಿನ ಸೀಟಿನಲ್ಲಿ ಏನಿಡ್ತೀರಿ

ನಲವತ್ತು ಮಿಲಿಮೀಟರು ಇಳಿಸಿದ್ದೆ.
ಟೈರಿಗೂ ಅದರ ಮೇಲಿನ ಕಮಾನಿಗೂ ನಡುವೆ
ಎರಡು ಬೆರಳು ಕೂಡ ತೂರುತ್ತಿರಲಿಲ್ಲ.
ತೊಂಬತ್ತೊಂಬತ್ತರ ಎಸ್ಟೀಮು, ಮಾಸಿದ ಬೆಳ್ಳಿ ಬಣ್ಣ,
ಹನುಮಂತನಗರದ ಇಳಿಜಾರಿನಲ್ಲಿ ನಿಂತರೆ
ಪಾರಿವಾಳ ಕಂಡ ಬೆಕ್ಕು.

ಕೆಂಪು ಸ್ಪ್ರಿಂಗು, ಕೊಯಮತ್ತೂರಿನವನೊಬ್ಬನಿಂದ ಅರ್ಧ ಬೆಲೆಗೆ.
ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯವೇ.
‘ನಡೆಯುತ್ತೆ ಬಿಡಿ ಸಾರ್’ ಅಂದಿದ್ದ ಟೈರಂಗಡಿ ಹುಡುಗ.

ನಡೆಯಲಿಲ್ಲ, ಕುಣಿಯಿತು.
ಆಶ್ರಮದ ಹತ್ತಿರ ಹಂಪು ದಾಟಿ
ಮುಂದಿನ ಸಿಗ್ನಲ್ಲು ಬಂದರೂ
ಹೌದು ಹೌದು ಹೌದು ಎಂದು ತಲೆಯಾಡಿಸುತ್ತಲೇ ಇತ್ತು,
ಮದುವೆ ಮಾತುಕತೆಗೆ ಬಂದ ಸೋದರಮಾವನ ಹಾಗೆ.

ವಿನುತಾ ಕೇಕು ಮಾಡುತ್ತಾಳೆ.
ಮೊಟ್ಟೆಯಿಲ್ಲದ್ದು, ಆರ್ಡರಿನ ಮೇಲೆ, ಮೂರಂತಸ್ತಿನವರೆಗೆ.
ಆ ಶನಿವಾರ ಕಾಕ್ಸ್ ಟೌನಿಗೆ ಹೊರಟಿದ್ದೆವು.
ರಿಚ್ಮಂಡ್ ಟೌನಿನಲ್ಲಿ, ಪೈಪು ಹೂತು ಮುಚ್ಚಿದ ಒಂದು ಗೀರು,
ಗುಂಡಿ ಅನ್ನುವಷ್ಟೂ ಇಲ್ಲ.
ತಿರುಗಿ ನೋಡಿದರೆ ಮೇಲಿನ ಅಂತಸ್ತು
ಕಿಟಕಿ ಗಾಜಿಗೆ ಕೆನ್ನೆಯೊತ್ತಿ ಕೂತಿದೆ.
ಅವಳು ಬೈಯಲಿಲ್ಲ.
ಗಾಜಿನಿಂದ ಒಂದು ಬೆರಳು ಕ್ರೀಮು ಬಳಿದು ನೆಕ್ಕಿ
‘ಸಕ್ಕರೆ ಸರಿಯಾಗಿದೆ’ ಅಂದಳು.
ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ಕಲಾಸಿಪಾಳ್ಯ. ಬಸ್ಸುಗಳ ಬೆನ್ನಿಗೆ ಒಂದು ಗಲ್ಲಿ,
ಬೋರ್ಡಿಲ್ಲದ ಶೆಡ್ಡು, ಜಬೀವುಲ್ಲಾ.
ಹೆಸರು ಕೇಳಲಿಲ್ಲ, ಮೈಲೇಜೂ ಕೇಳಲಿಲ್ಲ.
ಬಾನೆಟ್ಟಿನ ಮೂಲೆಗೆ ಅಂಗೈ ಊರಿ ಒತ್ತಿ ಬಿಟ್ಟು
ಕಣ್ಣು ಮುಚ್ಚಿ ಎಣಿಸಿದರು:
ಒಂದು. ಎರಡು. ಮೂರು. ಮೂರೂವರೆ.
‘ಒಂದೂಕಾಲಿಗೆ ನಿಲ್ಲಬೇಕಿತ್ತು.
ಕುದುರೆ ಹೊಸದು, ಲಗಾಮು ಹಳೇದು.
ಭಾರ ಹೊರೋದು ಸ್ಪ್ರಿಂಗು ಸಾರ್.
ಶಾಕು ಹೊರಲ್ಲ,
ಹೊತ್ತವನಿಗೆ ಸಮಾಧಾನ ಹೇಳುತ್ತೆ.’

ಬಿಚ್ಚಿದರು. ಎಣ್ಣೆ ಕಪ್ಪಗೆ, ವಗ್ಗರಣೆ ಸೀದ ವಾಸನೆ.
ಪಿಸ್ಟನ್ನಿನ ಕೊರಳಿಗೆ ಉಕ್ಕಿನ ಬಿಲ್ಲೆಗಳು,
ಈರುಳ್ಳಿ ಸಿಪ್ಪೆಯಷ್ಟು ತೆಳು, ಒಂದರ ಮೇಲೊಂದು.
ಇವುಗಳ ಸಂದಿಯಲ್ಲೇ ಎಣ್ಣೆ ನುಸುಳಬೇಕಂತೆ,
ನುಸುಳುವ ಕಷ್ಟದಲ್ಲೇ ಕುಣಿತ ತಣಿಯಬೇಕಂತೆ.
ತಗ್ಗಿದ ಕಾರಿಗೆ ಕೊಳವೆಯೂ ಕುಳ್ಳಗಿರಬೇಕಂತೆ,
ಇಲ್ಲದಿದ್ದರೆ ಪ್ರತಿ ಹಳ್ಳಕ್ಕೂ
ತಳದ ರಬ್ಬರಿಗೆ ಹಣೆ ಚಚ್ಚಿಕೊಳ್ಳುತ್ತದೆ.

‘ಪೂರ್ತಿ ಬಿಗಿ ಮಾಡಿಬಿಡಿ’ ಅಂದೆ. ರೇಸಿನವನ ಗತ್ತು.
‘ಮಾಡಬಹುದು. ಒಂದು ಗುಂಡಿಯಿಂದ ಏಳೋ ಮೊದಲೇ
ಇನ್ನೊಂದಕ್ಕೆ ಬೀಳುತ್ತೆ. ಇಳೀತಾ ಇಳೀತಾ ಹೋಗುತ್ತೆ.
ನಮ್ಮೂರಲ್ಲಿ ಗುಂಡಿಗೂ ಗುಂಡಿಗೂ ನಡುವೆ
ಎಷ್ಟು ಜಾಗ ಬಿಟ್ಟಿದ್ದಾರೆ, ನೀವೇ ಹೇಳಿ.’

ಆಮೇಲೆ, ಬಿಲ್ಲೆ ಒರೆಸುತ್ತಾ, ತಲೆಯೆತ್ತದೆ:
‘ಹಿಂದಿನ ಸೀಟಿನಲ್ಲಿ ಏನಿಡ್ತೀರಿ?’

ಟೀ ಲೋಟ ತುಟಿಯವರೆಗೆ ಬಂದು ನಿಂತಿತು.
ಸ್ಪ್ರಿಂಗು ಮಾರಿದವನು ಕೇಳಿರಲಿಲ್ಲ ಇದನ್ನು,
ನಾನೂ ಕೇಳಿಕೊಂಡಿರಲಿಲ್ಲ.
‘ಕೇಕು’ ಅಂದೆ.
ಸ್ಪ್ಯಾನರು ಹಿಡಿದಿದ್ದ ಹುಡುಗ ಕಿಸಕ್ಕೆಂದ.
ಜಬೀವುಲ್ಲಾ ನಗಲಿಲ್ಲ. ‘ಎಷ್ಟು ಕೇಜಿ?’
‘ಆರು. ಕೆಲವು ಸಲ ಎಂಟು.’
ಹಿಂದಿನ ಜೋಡಿಯಿಂದ ಒಂದೊಂದು ಬಿಲ್ಲೆ ತೆಗೆದು,
ಚಿಲ್ಲರೆ ಕೊಡುವಂತೆ, ನನ್ನ ಅಂಗೈಗೆ ಹಾಕಿದರು.

ಭಾನುವಾರ ಅದೇ ದಾರಿ, ಅದೇ ಗೀರು.
ಕಾರು ಒಮ್ಮೆ ಬಗ್ಗಿ, ಎದ್ದು,
ಆಡಿದ ಮಾತಿಗೆ ನಿಂತವರ ಹಾಗೆ, ಅಷ್ಟೇ.
ಕಾಕ್ಸ್ ಟೌನಿನ ಮರದ ಕೆಳಗೆ ಮೊಣಕಾಲೂರಿ
ಚಕ್ರದ ಹಿಂದೆ ಕೈ ತೂರಿ ಮುಟ್ಟಿದೆ.
ಕೊಳವೆ ಬೆಚ್ಚಗಿತ್ತು, ಆಗಷ್ಟೇ ಜ್ವರ ಬಿಟ್ಟ ಮಗುವಿನ ಹಣೆ.
ಬಂದ ದಾರಿಯ ಅಷ್ಟೂ ಕುಣಿತ ಅಲ್ಲಿತ್ತು,
ಆರುತ್ತಿತ್ತು.

ವಿನುತಾ ಡಬ್ಬದ ಮುಚ್ಚಳ ತೆಗೆದು
ತುತ್ತತುದಿಯ ಸಕ್ಕರೆ ಗುಲಾಬಿಗೆ ಕಣ್ಣು ಕಿರಿದಾಗಿಸಿದಳು.
‘ಸಾಸಿವೆಯಷ್ಟು ಸರಿದಿದೆ.’
ನಾನು ಸ್ಪ್ರಿಂಗು, ಎಣ್ಣೆ, ಬಿಲ್ಲೆ ಎಂದು ಶುರುಮಾಡುವಷ್ಟರಲ್ಲಿ
‘ಅದಲ್ಲ’ ಅಂದಳು, ‘ಹಲಸೂರಲ್ಲಿ
ಆಟೋದವನ ಮೇಲೆ ಸಿಟ್ಟಾಗಿ
ನೀನು ಬ್ರೇಕ್ ಒತ್ತಿದ್ದು.’