ಕಾಗದದ ಕಾಕ್‌ಪಿಟ್

ಹದಿನೆಂಟನೇ ತಾರೀಖು ಕ್ಲಾಸು. ಇವತ್ತು ಐದು.
ಸಲೈನಾದ ಪ್ರಿಂಟಿಂಗ್ ಅಂಗಡಿಯ ಹುಡುಗ
ಉದ್ದುದ್ದ ಆರು ಹಾಳೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟು
"ಮದುವೆ ಬ್ಯಾನರಾ?" ಅಂದ.
ಹ್ಞೂಂ ಅಂದೆ. ವಿವರಿಸುವಷ್ಟು ಪುರುಸೊತ್ತಿಲ್ಲ.

ಡೊರೀನ್ ಕೆಸ್ಲರಳ ಗ್ಯಾರೇಜಿನ ಗೋಡೆಗೆ
ಟೇಪು ಹಚ್ಚಿ ಅಂಟಿಸಿದೆ ನನ್ನ ವಿಮಾನ.
ಎಡಕ್ಕೆ ಹುಲ್ಲು ಕತ್ತರಿಸುವ ಯಂತ್ರ,
ಬಲಕ್ಕೆ ವಿನೆಗರಿನಲ್ಲಿ ಮುಳುಗಿದ ಸೌತೆಕಾಯಿ ಬಾಟಲಿ,
ನಡುವೆ ಎರಡು ಎಂಜಿನ್ನು, ಎಪ್ಪತ್ತಾರು ಸೀಟು,
ಅಡಿಗೆಮನೆಯಿಂದ ಎತ್ತಿ ತಂದ ಒಂದು ಕುರ್ಚಿ.
ಗಾಳಿಗೆ ಮೇಲಿನ ಪ್ಯಾನೆಲ್ಲು ಕಿತ್ತು ತಲೆ ಮೇಲೆ ಬಿತ್ತು.
ಕೈಪಿಡಿಯಲ್ಲಿ ಇದಕ್ಕೆ ಪರಿಹಾರ ಬರೆದಿಲ್ಲ.

ಬೆರಳು ನಡೆಯಬೇಕು, ಯೋಚನೆ ಏಳುವ ಮೊದಲು:
ಬ್ಯಾಟರಿ, ಇಂಧನದ ಪಂಪು, ದೀಪ,
ಮೇಲಿಂದ ಕೆಳಕ್ಕೆ, ಅಲ್ಲಿಂದ ಸುತ್ತಿ ಬಲಕ್ಕೆ
ಚುಕ್ಕಿ ಬಿಡದ ರಂಗೋಲಿ ಎಳೆಯ ಹಾಗೆ.
ರಂಗೋಲಿ ನನಗೆ ಎಂದೂ ಬರಲಿಲ್ಲ,
ನಾನು ಹಾಕಿದ್ದನ್ನು ಅಮ್ಮ ಸೆರಗಿನಲ್ಲಿ ಒರೆಸುತ್ತಿದ್ದಳು.
ಸ್ವಿಚ್ಚು ಒತ್ತಿದರೆ ಏನೂ ಆಗುವುದಿಲ್ಲ.
ಒತ್ತದಿದ್ದರೂ ಏನೂ ಆಗುವುದಿಲ್ಲ.
ಆ ಎರಡರ ವ್ಯತ್ಯಾಸ ಮೈಗೆ ತಿಳಿಯುವವರೆಗೆ
ಕೂರಬೇಕು.

ನಲವತ್ತಮೂರು ನನಗೆ. ಕ್ಲಾಸಿನಲ್ಲಿ ವಯಸ್ಸಾದವರಿಗೇ
ಮೊದಲ ಸೀನಿಯಾರಿಟಿ ನಂಬರಂತೆ;
ಬೆನ್ನುನೋವಿಗೆ ಕೊನೆಗೂ ಒಂದು ಮರ್ಯಾದೆ ಸಿಕ್ಕಿತು.
ಉಳಿದವರು ಇಪ್ಪತ್ತಮೂರರ ಮಕ್ಕಳು, ಓದಿದ್ದು ನೀರು ಕುಡಿದಂತೆ ಇಳಿಯುತ್ತದೆ.
ನಾನು ಉರು ಹೊಡೆಯುತ್ತೇನೆ, ಪಾತ್ರೆ ತೊಳೆಯುತ್ತ, ಹಲ್ಲುಜ್ಜುತ್ತ,
ವೇಗದ ಮಿತಿ, ತೂಕದ ಮಿತಿ, ಎಣ್ಣೆ ಕಾಯಬಹುದಾದ ಮಿತಿ,
ಎಲ್ಲ ಇಂಗ್ಲಿಷಿನಲ್ಲೇ, ಒಂದಕ್ಷರ ಆಚೀಚೆ ಆಗುವಂತಿಲ್ಲ.
ಲೆಕ್ಕ ಮಾತ್ರ ಆ ಭಾಷೆಯ ಮಾತು ಕೇಳುವುದಿಲ್ಲ.
ಮೂವತ್ತು ಸಾವಿರ ಅಡಿಯಿಂದ ಇಳಿಯಲು ಎಷ್ಟು ಮೈಲಿ ಮೊದಲು?
ಮೂರೊಂದ್ಲ ಮೂರು, ಮೂರೆರಡ್ಲ ಆರು, ಮೂರ್ಮೂರ್ಲ ಒಂಬತ್ತು,
ತೊಂಬತ್ತು!
ಗೌರಿಬಿದನೂರಿನ ಮೂರನೇ ಕ್ಲಾಸು ಒಕ್ಕೊರಲಿನಲ್ಲಿ ಕೂಗುತ್ತದೆ
ಕಾನ್ಸಾಸಿನ ಗೋಧಿ ಹೊಲಗಳ ಮೇಲೆ.

ಡೊರೀನಳಿಗೆ ಎಪ್ಪತ್ತೊಂಬತ್ತು. ಸುಗ್ಗಿಯಲ್ಲಿ ಲಾರಿ ಓಡಿಸಿದವಳು.
ರಾತ್ರಿ ಊಟ ಮುಗಿಸಿ, ಒಂದರ ಮೇಲೊಂದು ಎರಡು ಕನ್ನಡಕ ಏರಿಸಿ,
ಎಡಗಡೆ, ಕ್ಯಾಪ್ಟನ್ ಜಾಗದಲ್ಲಿ, ಮಡಚುಕುರ್ಚಿ ಬಿಡಿಸಿ ಕೂತು
ಭಾನುವಾರ ಚರ್ಚಿನಲ್ಲಿ ಓದುವ ದನಿಯಲ್ಲೇ ಓದಿದಳು:
"ಎಂಜಿನ್ನಿಗೆ ಬೆಂಕಿ."
ಕೈ ಹಾರಿತು. ಲಿವರು ಎಳೆದೆ, ಇಂಧನ ನಿಲ್ಲಿಸಿದೆ. ಮೂರೇ ಸೆಕೆಂಡು.
ಹೆಮ್ಮೆಯಿಂದ ತಿರುಗಿದರೆ
ಅವಳಿನ್ನೂ ಹಾಳೆಯ ಮೇಲೆ ಬೆರಳಿಟ್ಟು ಸಾಲು ಹುಡುಕುತ್ತಿದ್ದಾಳೆ:
"ಯಾವ ಕಡೆಯದು ಅಂತ ನಾನಿನ್ನೂ ಹೇಳೇ ಇಲ್ಲವಲ್ಲೇ."

ಮೂಲೆಯ ಹಳೇ ಫ್ರಿಜ್ಜು ಗುಂಯ್ ಅಂತು.

ಹನ್ನೊಂದು ವರ್ಷ ವಿಚಿಟಾದ ಆಸ್ಪತ್ರೆಯಲ್ಲಿ ರಕ್ತ ತೆಗೆದವಳು ನಾನು.
ಹೆಸರು ಹೇಳಿ. ಹುಟ್ಟಿದ ದಿನ ಹೇಳಿ. ಕೈಪಟ್ಟಿ ತೋರಿಸಿ.
ದಿನಾ ನೋಡುವವರನ್ನೂ ಕೇಳುತ್ತಿದ್ದೆ, ನಗುತ್ತಿದ್ದರು.
ಕೇಳದೆ ಹೋದ ಒಂದು ಬೆಳಗ್ಗೆಯೂ ಇತ್ತು.
ಟ್ಯೂಬು ಲ್ಯಾಬು ತಲುಪುವ ಮೊದಲೇ ಓಡಿ ಹಿಡಿದೆ.
ಯಾರಿಗೂ ಗೊತ್ತಿಲ್ಲ.
ಓಡಿದ ಮೊಣಕಾಲಿಗೆ ಗೊತ್ತು.

"ಇನ್ನೊಂದ್ಸಲ," ಅಂದೆ.
"ಎಂಜಿನ್ನಿಗೆ ಬೆಂಕಿ. ಎಡಗಡೆ."
ಕೈ ಹೋಗಿ ಲಿವರಿನ ಮೇಲೆ ಕೂತಿತು. ಎಳೆಯಲಿಲ್ಲ.
"ಎಡಗಡೆಯದು. ಹೌದಾ?"
ಅವಳು ಮಂಡಿ ಹಿಡಿದು ಎದ್ದು, ಗೋಡೆಯ ಹತ್ತಿರ ಹೋಗಿ,
ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ ನೋಡುತ್ತಾಳೆ,
ಬಿಚ್ಚಿದ ಟೇಪಿನ ತುದಿಯನ್ನು ಉಗುರಲ್ಲಿ ಒತ್ತುತ್ತಾಳೆ.
ಅಷ್ಟು ಹೊತ್ತೂ ಉರಿಯಿತು ಬೆಂಕಿ,
ಅಷ್ಟು ಹೊತ್ತೂ ಕಾದಿತು ಕೈ.
"ಹೌದು. ಎಡಗಡೆಯದೇ. ಈಗ ಎಳಿ.
ಆಮೇಲೆ ಈ ದೀಪ ಆರಿಸು,
ಕರೆಂಟು ಬಿಲ್ಲು ನಿಮ್ಮಪ್ಪ ಕಟ್ಟುತ್ತಾನಾ?"

ಬಾಗಿಲ ಪಕ್ಕದ ಗೋಡೆಯಲ್ಲಿ ಎರಡು ಸ್ವಿಚ್ಚು, ನಿಜವಾದವು.
ಒಂದು ದೀಪದ್ದು, ಒಂದು ಷಟರಿನದು.
ಬೆರಳಿಟ್ಟು, ಒತ್ತದೆ,
ಕೇಳಿದೆ: ಇದೇ ತಾನೆ?