ಪಡುವಣ ಕೋಣೆ

ಇಪ್ಪತ್ತೆರಡು ವರ್ಷ ಈ ಊರಲ್ಲಿ ಮನೆ ತೋರಿಸಿದ್ದೇನೆ.
ಮನೆ ಅಂದರೆ ಏನು, ನಾಲ್ಕು ಗೋಡೆ, ನಲ್ಲಿ, ಎರಡು ಬಲ್ಬು.
ನಾನು ಮಾರಿದ್ದು ಹವೆ.
ಕಿಟಕಿ ತೆರೆದು ಪಕ್ಕಕ್ಕೆ ಸರಿದು ನಿಂತರೆ ಸಾಕು,
ಮಿಕ್ಕ ಮಾತು ಅದೇ ಆಡುತ್ತಿತ್ತು.

ಕರಾವಳಿಯ ಬೆವರಿಗೆ ಬೇಸತ್ತ ಬ್ಯಾಂಕಿನವರು,
ಊಟಿಯ ಚಳಿಗೆ ಮಂಡಿ ಹಿಡಿದ ಎಸ್ಟೇಟ್ ರೈಟರು,
ಎದೆಯಲ್ಲಿ ಸೀಟಿ ಊದುವ ಮಗುವನ್ನೆತ್ತಿಕೊಂಡ
ಪೀಣ್ಯದ ಗಂಡಹೆಂಡಿರು.
‘ಅತ್ತ ಕಾವೇರಿ, ಇತ್ತ ಕಪಿಲೆ, ನಡುವೆ ನಾವು.
ಸಮುದ್ರಕ್ಕಿಂತ ಎರಡೂವರೆ ಸಾವಿರ ಅಡಿ ಎತ್ತರ.
ಮಡಿಕೇರಿಯಲ್ಲಿ ಹೊಯ್ದು ಸುಸ್ತಾದ ಮೋಡ
ಇಲ್ಲಿಗೆ ಬಂದು ಬರೀ ನೆರಳು ಕೊಟ್ಟು ಹೋಗುತ್ತೆ ಸ್ವಾಮಿ,
ಬಟ್ಟೆಯೂ ಒಣಗುತ್ತೆ, ಮೈಯೂ ಒಣಗಲ್ಲ.’
ಅಡ್ವಾನ್ಸು ಅಲ್ಲಿಗೇ ಕೈಗೆ.

ಆ ಏಪ್ರಿಲ್ಲಿನಲ್ಲಿ ಬಂದಾಕೆ ಗುರುಬಾಯಿ.
ಶಹಾಬಾದ್ ಕಡೆಯ ನರ್ಸು, ವರ್ಗವಾಗಿ ಬಂದವಳು.
ಕೈಚೀಲದಿಂದ ಗೇಣುದ್ದದ ಉಷ್ಣಮಾಪಕ ತೆಗೆದು
ಗೋಡೆಯ ಮೊಳೆಗೆ ನೇತುಹಾಕಿ ನೆಲಕ್ಕೆ ಕೂತಳು.
‘ಕಾಲು ತಾಸು ಕೂಡ್ರಿ. ಮಾತಾಡಬ್ಯಾಡ್ರಿ.’
ಮನೆಗೆ ಜ್ವರ ನೋಡುವವರನ್ನು ನಾನು ಕಂಡಿರಲಿಲ್ಲ.
ಕೂತೆ.

ಯಾದವಗಿರಿ ದಿಬ್ಬದ ಮಹಡಿ ಮನೆ: ಇಪ್ಪತ್ತೊಂಬತ್ತು.
ಏನೂ ಹೇಳದೆ ಬರೆದುಕೊಂಡಳು.
ಒಂಟಿಕೊಪ್ಪಲಿನ ಹೆಂಚಿನ ಮನೆ: ಮೂವತ್ತು. ಹಿತ್ತಲಲ್ಲಿ ನುಗ್ಗೆ.
ಬೋಗಾದಿ ಕಡೆಯ ಹೊಸ ಬಡಾವಣೆಯಲ್ಲಿ
ಕಿಟಕಿ ತೆರೆದೆ, ಪಕ್ಕಕ್ಕೆ ಸರಿದೆ.
ಏನೂ ಬರಲಿಲ್ಲ.
ಮೂರಡಿ ಆಚೆ ಇನ್ನೊಬ್ಬರ ಬಚ್ಚಲ ಗೋಡೆ.
ಆ ಸೈಟನ್ನೂ ನಾನೇ ಕೊಡಿಸಿದ್ದು.
ಗಾಳಿ ನೋಡಿ ಬಂದವರೇ ಗಾಳಿಗೆ ಅಡ್ಡ ಕಟ್ಟಿಕೊಂಡಿದ್ದರು;
ಒಬ್ಬೊಬ್ಬರ ಹೆಸರೂ ನನ್ನ ನೋಟ್‌ಬುಕ್ಕಿನಲ್ಲಿದೆ,
ಎದುರಿಗೆ ಕಮಿಷನ್ನು.

ಕೊನೆಗೆ, ಬೇರೆ ಬೀಗದ ಕೈ ಉಳಿಯದೆ,
ಮಂಡಿಮೊಹಲ್ಲಾದ ಆ ಮನೆ ತೋರಿಸಿದೆ, ಯಾರೂ ಒಪ್ಪದ್ದು.
ಪಡುವಣಕ್ಕೆ ಮುಖ ಕೊಟ್ಟ ಒಂದೇ ಕೋಣೆ, ಮೇಲೆ ಬಯಲು ತಾರಸಿ.
ನಾಲ್ಕು ಗಂಟೆಯ ಬಿಸಿಲು ಗೋಡೆಗೆ ಒರಗಿ ಕೂತಿತ್ತು
ಬಾಡಿಗೆ ಬಾಕಿ ಕೇಳಲು ಬಂದವನ ಹಾಗೆ.
ಮೂವತ್ನಾಲ್ಕು. ಏಳೋಣ ಎಂದೆ.
ಆಕೆ ಏಳಲಿಲ್ಲ.

ಐದಾಯಿತು. ಐದೂಮುಕ್ಕಾಲು.
ಬೀದಿಯಲ್ಲಿ ಐಸ್ ಗಾಡಿಯ ಗಂಟೆ ಬಂತು, ಹೋಯಿತು.
ಬೆಟ್ಟದ ಹಿಂದೆಲ್ಲೋ ಒಂದು ಮೋಡ ಗದರಿ ಸುಮ್ಮನಾಯಿತು.
ಆಮೇಲೆ, ಹಿಂದಿನವರು ಬಿಟ್ಟುಹೋದ ಕ್ಯಾಲೆಂಡರಿನ ಹಾಳೆ
ತಾನಾಗಿ ಒಮ್ಮೆ ಎದ್ದು ಕೂತಿತು.
ಪಾದರಸ ಇಳಿಯುವುದನ್ನು ಈ ವಯಸ್ಸಿಗೆ ಮೊದಲು ನೋಡಿದೆ,
ಮೆಟ್ಟಿಲಿಳಿಯುವ ಬಸುರಿಯಂತೆ, ಹಿಡಿದು ಹಿಡಿದು,
ಮೂವತ್ತೆರಡು, ಮೂವತ್ತು,
ನಿಂತಿತು ಸ್ವಲ್ಪ,
ಇಪ್ಪತ್ತೆಂಟು.

‘ಇದೇ ಇರಲ್ರಿ’ ಎಂದಳು.
‘ಹೊತ್ತೆಲ್ಲ ತಂಪಿದ್ದರ ತಂಪು ಅಂತ ಗೊತ್ತಾಗೂದು ಹ್ಯಾಂಗ?
ನಮ್ಮ ಕಡೆ ನಡುರಾತ್ರಿಗೂ ಪರಸಿ ಕಲ್ಲು ಕಾದೇ ಇರ್ತಾವ,
ಮಾಳಿಗಿ ಮ್ಯಾಲ ನೀರು ಚೆಲ್ಲಿ ಮಲಗ್ತೀವಿ.
ನಿಮ್ಮ ಊರು ಸಂಜಿಗೆ ಕೊಟ್ಟ ಮಾತು ಉಳಿಸ್ಕೋತದ.
ನನಗ ಅಷ್ಟು ಸಾಕು.’
ತಾರಸಿಯ ಕೀಲಿಕೈ ಕೇಳಿದಳು. ಬಾಡಿಗೆ ಆಮೇಲೆ ಕೇಳಿದಳು.

ಕಮಿಷನ್ನು ಅರ್ಧ ತಗೊಂಡೆ. ಯಾಕೆಂದು ಕೇಳಬೇಡಿ.

ನನ್ನದು ಕೇಸರೆಯ ತಗ್ಗಿನಲ್ಲಿ ಶೀಟಿನ ಮನೆ,
ಊರಿನ ನೀರೆಲ್ಲ ಇಳಿದು ಹೋಗುವ ಹಾದಿಯಲ್ಲಿ.
ಅಲ್ಲಿ ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು
ಇಷ್ಟು ವರ್ಷ ಯಾರೂ ನನ್ನ ಕೇಳಿಲ್ಲ, ನಾನೂ.
ಸ್ಕೂಟರ್ ನಿಲ್ಲಿಸಿ ಹೊಸಿಲ ಮೇಲೆ ಕೂತೆ.
‘ಒಳಗೆ ಬರಬಾರದಾ?’ ಎಂದಳು ಚೆನ್ನಾಜಮ್ಮ ಒಲೆಯ ಮುಂದಿಂದ.

ಕಾಲು ತಾಸು, ಎಂದೆ.
ಮಾತಾಡಬೇಡ.