ಹೆಪ್ಪು

ನೂರಡಿ ರಸ್ತೆಯಲ್ಲಿ ನನ್ನ ಮೋಟಾರು ವೈಂಡಿಂಗ್ ಅಂಗಡಿ.
ಹಿಂದಿನ ಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ,
ಮುಚ್ಚಿಹೋದ ಬೇಕರಿಯವನು ಬಾಕಿಯ ಬದಲು ಕೊಟ್ಟದ್ದು.
ಮೂಲೆಯಲ್ಲಿ ಸೋರುತ್ತಿತ್ತು. ಸಿಲಿಕಾನ್ ಒಂದು ಟ್ಯೂಬು, ಇನ್ನೂರಿಪ್ಪತ್ತು.
ಪಂಪು ಗುಜರಿಯದು, ನಾನೇ ಸುತ್ತಿದ್ದು.

ಬೋರಿನ ನೀರು ಬೇಡ ಅಂದಿದ್ದ ನಜೀಬ.
ಶುದ್ಧ ನೀರಿನ ಘಟಕದ ಮುಂದೆ ಐದರ ಕಾಯಿನ್ನು ಹಿಡಿದು ನಿಂತೆ.
ಐದು ಕ್ಯಾನು. ಸರದಿಗೊಂದು ಸಣ್ಣ ಜಗಳ.
ಮನೇಲಿ ಮದುವೇನಣ್ಣ?
ಇಲ್ಲ ಕಣಕ್ಕ, ಸಮುದ್ರ ಮಾಡ್ತಿದೀನಿ.
ಅವರು ನಕ್ಕರು. ನನಗೂ ನಗು ಬಂತು.

ಮೀನಂಗಡಿಯಲ್ಲಿ ಒಂದೇ ಒಂದು ಸೀಗಡಿ ಕೇಳಿದೆ.
ಒಂದಾ? ಬೆಕ್ಕಿಗಾ?
ಕೊಳೆಯೋಕೆ, ಅಂದೆ.
ದುಡ್ಡು ತಗೊಳ್ಳಲಿಲ್ಲ ಅವನು.

ಮಂಡಿ ಮೊಹಲ್ಲಾದ ನಜೀಬ, ನನ್ನ ಐಟಿಐ ಜೊತೆಗಾರ,
ತನ್ನ ಆರು ವರ್ಷದ ತೊಟ್ಟಿಯಿಂದ ಒಂದು ಕಲ್ಲೆತ್ತಿ
ಒದ್ದೆ ಪೇಪರಿನಲ್ಲಿ ಸುತ್ತಿ ಟಿಫನ್ ಡಬ್ಬಿಗೆ ಹಾಕಿದ.
ಒಣಗಿಸಬೇಡ, ಇದು ಹೆಪ್ಪು.
ಮತ್ತೆ ನನ್ನ ಬೆರಳು ನೋಡಿ: ಕೈ ತೊಳ್ಕೊ ಮಾರಾಯ,
ತಾಮ್ರ ಬಿದ್ದರೆ ಒಂದೂ ಉಳಿಯಲ್ಲ.
ಹದಿನೆಂಟು ವರ್ಷ ತಾಮ್ರದಿಂದಲೇ ಅನ್ನ ಉಂಡ ಕೈ.
ಮೊಣಕೈವರೆಗೆ ಉಜ್ಜಿದೆ.
ಸಂಜೆಯ ಪ್ಯಾಸೆಂಜರಿನಲ್ಲಿ, ಪಾಂಡವಪುರ ದಾಟುವಾಗ,
ಎದುರು ಕೂತ ಮುದುಕಿ ಸೆರಗು ಮೂಗಿಗಿಟ್ಟು
ಬುತ್ತಿ ಹಳಸದೆ ಕಣ್ಲಾ ಮಗ, ಅಂದಳು.

ಹೆಪ್ಪು ಹಾಕಿದ ಪಾತ್ರೆ ಅಲುಗಿಸಬಾರದು
ಅಂತ ಅವ್ವ ಬೈಯುತ್ತಿದ್ದಳು.
ನಾನೋ ದಿನಕ್ಕೆರಡು ಸಲ
ಗಾಜಿನ ಕೊಳವೆಗೆ ಹನಿ ಬಿಟ್ಟು ಬೆಳಕಿಗೆ ಹಿಡಿಯುತ್ತಿದ್ದೆ.
ಹನಿಹನಿಗೂ ದುಡ್ಡು. ಆಮೇಲೆ ಮೂರು ದಿನಕ್ಕೊಮ್ಮೆ.
ಹಳದಿ ಹೋಗಿ ಹಸಿರು: ಅಮೋನಿಯ.
ಹದಿನಾಲ್ಕನೆಯ ದಿನ ಇನ್ನೊಂದು ಕೊಳವೆ ನೇರಳೆ.
ವಿಷ ತಿನ್ನುವವರು ಬಂದಿದ್ದಾರೆ,
ಅವರು ಉಗುಳಿದ್ದೂ ವಿಷವೇ,
ಅದನ್ನು ತಿನ್ನುವವರು ಇನ್ನೂ ದಾರಿಯಲ್ಲಿದ್ದಾರೆ.

ಗಿರಾಕಿಗಳು ಇಣುಕುತ್ತಾರೆ. ಮೀನೆಲ್ಲಿ?
ಇಲ್ಲ.
ಮತ್ತೇನು ನೋಡ್ತೀರಿ ಗಂಟೆಗಟ್ಲೆ?

ಪ್ರಮೀಳ ಎಂಟನೇ ಕ್ಲಾಸಿನ ಟೂರಿನಲ್ಲಿ ಪಣಂಬೂರು ನೋಡಿದವಳು,
ನಾನು ನೋಡಿಲ್ಲ.
ಹಾಗಾಗಿ ಸಮುದ್ರದ ವಿಷಯಕ್ಕೆ ಮನೆಯಲ್ಲಿ ಅವಳದೇ ತೀರ್ಪು.
ಬಗ್ಗಿ ಮೂಸುವಳು. ಕೊಳೆತ ಸೀಗಡಿ, ಅಷ್ಟೇ.

ಇಪ್ಪತ್ತೊಂದನೆಯ ರಾತ್ರಿ ಕರೆಂಟು ಹೋಯಿತು.
ಕಬ್ಬು ಅರೆಯುವ ದಿನಗಳು,
ಕಾರ್ಖಾನೆಯ ಮಡ್ಡಿ ವಾಸನೆ ಊರಿನ ಮೇಲೆ ಕೂತಿತ್ತು.
ಪಂಪಿನ ಸದ್ದು ನಿಂತದ್ದಕ್ಕೇ ಎಚ್ಚರವಾಗಿ
ಕತ್ತಲಲ್ಲಿ ಚೊಂಬು ಹಿಡಿದು
ಮೊಗೆದು ಸುರಿದೆ, ಮೊಗೆದು ಸುರಿದೆ.
ಅವಳು ಬಾಗಿಲಲ್ಲಿ ನಿಂತು,
ಇಲ್ಲದ ಮೀನಿಗೆ ಉಸಿರು ಕೊಡ್ತಿದೀರಾ, ಅಂದಳು.
ಸ್ವಲ್ಪ ಹೊತ್ತು ಬಿಟ್ಟು
ಕೊಡಿ ಇಲ್ಲಿ, ನಿಮ್ಮ ಭುಜ ಮೊದಲೇ ಸರಿಯಿಲ್ಲ.
ನಾಲ್ಕು ಗಂಟೆಗೆ ಕರೆಂಟು ಬಂದಾಗ
ಚೊಂಬು ಅವಳ ಕೈಯಲ್ಲೇ ಇತ್ತು.

ಆಮೇಲೆ ಕಂದು ಪಾಚಿ, ಮರಳಿಗೆಲ್ಲ ಜೋನಿಬೆಲ್ಲ ಬಳಿದ ಹಾಗೆ.
ಆಮೇಲೆ ಮೂವತ್ತೆಂಟನೆಯ ದಿನ
ಒಂದು ಕೊಳವೆ ಹಳದಿ, ಇನ್ನೊಂದು ತಿಳಿನೀಲಿ.
ಎರಡೂ ಸೊನ್ನೆ.
ಸೊನ್ನೆಗೋಸ್ಕರ ಇಷ್ಟು ದಿನ ಕಾದದ್ದು ಇದೇ ಮೊದಲು.
ಮೀನಿಗೆ ಉಳಿದದ್ದು ನೂರೆಂಬತ್ತು ರೂಪಾಯಿ,
ನಜೀಬ ಹೇಳಿದ ಜೋಡಿಗೆ ಎಂಟುನೂರು. ಮುಂದಿನ ತಿಂಗಳು ನೋಡುವಾ.

ಆ ರಾತ್ರಿ ಟಾರ್ಚು ಬಿಟ್ಟರೆ
ಕಲ್ಲಿನ ತೂತಿನಿಂದ ಒಂದು ತೋಳು,
ಹೊಲಿಗೆ ದಾರದಷ್ಟು ಸಣ್ಣದು, ಪಟ್ಟೆಪಟ್ಟೆ,
ಹೊರಗೆ ಬಂದು ಮರಳು ತಡವಿ ಒಳಗೆ ಹೋಯಿತು.
ಪಾಂಡವಪುರ ದಾಟುವಾಗಲೂ ಅದು ಡಬ್ಬಿಯಲ್ಲೇ ಇತ್ತು,
ಟಿಕೆಟ್ಟಿಲ್ಲದೆ, ನನ್ನ ತೊಡೆಯ ಮೇಲೆ.

ಪ್ರಮೀಳ ಬಗ್ಗಿ ಮೂಸಿದಳು, ಬಹಳ ಹೊತ್ತು.
ಏನೂ ಹೇಳಲಿಲ್ಲ.
ಗಾಜಿನಂಚಿಗೆ ಕಟ್ಟಿದ ಬಿಳಿ ಉಪ್ಪನ್ನು ಬೆರಳಲ್ಲಿ ಒರೆಸಿ
ನಾಲಿಗೆಗಿಟ್ಟುಕೊಂಡಳು.
ಟಾರ್ಚ್ ಆರಿಸಿ, ಅಂದಳು, ಅದು ಹೊರಗೆ ಬರಲಿ.